ಎಎಫ್‌ಎಲ್: ಹಳೇ ಅಭಿಮಾನಿಗಳೇ ಆಟ ನೋಡೋದು ಬಿಡ್ತಿರೋದು ಯಾಕೆ?

ಯಾರಾ_ದಂಡೆ (ಪ್ರಶ್ನೆ)

ಮೆಲ್ಬರ್ನಿನಲ್ಲಿ ಇದ್ದ ಮೇಲೆ ಫೂಟಿಯ, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲಿನ (ಅದರ ದೊಡ್ಡ ಲೀಗೇ ಎಎಫ್‌ಎಲ್), ಗಾಳಿ ಸೋಕದೆ ಇರಲು ಸಾಧ್ಯವಿಲ್ಲ. ಮಾರ್ಚ್ ಬಂತೆಂದರೆ ಆಫೀಸಿನಲ್ಲಿ ಟಿಪ್ಪಿಂಗ್ (ವಾರವಾರ ಯಾರು ಗೆಲ್ಲುತ್ತಾರೆ ಅಂತ ಊಹಿಸುವ ಪೈಪೋಟಿ) ಶುರು, ಶಾಲೆಯಲ್ಲಿ ಮಕ್ಕಳಿಗೆ ‘ನಿಂದು ಯಾವ ಟೀಮು’ ಅನ್ನೋ ವಿಚಾರಣೆ. ಆದರೆ ನಲವತ್ತು ವರ್ಷ ಒಂದೇ ಕ್ಲಬ್ಬಿನ ಸ್ಕಾರ್ಫ್ ಸುತ್ತಿಕೊಂಡು ಬಂದ ಹಳಬರೇ ಈಗ ‘ಅಷ್ಟಾಗಿ ನೋಡಲ್ಲ’ ಅಂತಾರೆ. ಯಾಕೆ ಅಂದರೆ ‘ಆಟ ಮೊದಲಿನ ಹಾಗಿಲ್ಲ’ ಅನ್ನೋ ಒಂದೇ ಉತ್ತರ. ವಿಶ್ವನಾಥರ ಸ್ಕ್ವೇರ್ ಕಟ್ ಜೊತೆಗೇ ಕ್ರಿಕೆಟ್ಟೂ ಮುಗಿಯಿತು ಅನ್ನೋರು ನಮ್ಮಲ್ಲೂ ಇದ್ದಾರೆ, ಹಾಗಾಗಿ ಈ ಮಾತನ್ನು ಎಷ್ಟು ನಂಬಬೇಕೋ ತಿಳಿಯುತ್ತಿಲ್ಲ.

ಇದು ಬರೀ ವಯಸ್ಸಿನ ಗೊಣಗಾಟವೋ ಅಥವಾ ಬೊಟ್ಟು ಮಾಡಿ ತೋರಿಸಬಹುದಾದ ಕಾರಣಗಳಿವೆಯೋ? ಯಾವ ನಿಯಮ ಯಾವಾಗ ಬದಲಾಯಿತು, ಅದರಿಂದ ಮೈದಾನದಲ್ಲಿ ಏನು ವ್ಯತ್ಯಾಸವಾಯಿತು ಅಂತ ಬಲ್ಲವರು ಬಿಡಿಸಿ ಹೇಳಿದರೆ ಉಪಕಾರ.


ಹಾಫ್‌ಬ್ಯಾಕ್_ಫ್ಲ್ಯಾಂಕ್

ಅರ್ಧ ಗೊಣಗಾಟ, ಅರ್ಧ ಲೆಕ್ಕಕ್ಕೆ ಸಿಗುವ ಸತ್ಯ. ಲೆಕ್ಕದ ಭಾಗ ಮೊದಲು.

ನಡುವಿನ ಎರಡು ಎತ್ತರದ ಕಂಬಗಳ ನಡುವೆ ಒದ್ದರೆ ಗೋಲು, 6 ಪಾಯಿಂಟ್. ಪಕ್ಕದ ಗಿಡ್ಡ ಕಂಬದ ಸಂದಿಯಲ್ಲಿ ಹೋದರೆ ಬಿಹೈಂಡ್, 1. ಒಂದು ತಂಡ ಒಂದು ಪಂದ್ಯಕ್ಕೆ ಗಳಿಸುತ್ತಿದ್ದ ಸರಾಸರಿ 1982ರಲ್ಲಿ 112 ಪಾಯಿಂಟ್. ಈಚಿನ ವರ್ಷಗಳಲ್ಲಿ ಅದು 80ರ ಆಸುಪಾಸಿನಲ್ಲೇ ತೆವಳುತ್ತಿದೆ. ಅಂದರೆ ಎರಡೂ ತಂಡ ಸೇರಿ ಪಂದ್ಯಕ್ಕೆ ಸುಮಾರು ಹತ್ತು ಗೋಲು ಕಾಣೆ. ಒಬ್ಬನೇ ಒಂದು ಸೀಸನ್ನಿನಲ್ಲಿ ನೂರು ಗೋಲು ಹೊಡೆಯೋದು ಹಿಂದೆ ಅಪರೂಪವಾದರೂ ಕಾಣಸಿಗುತ್ತಿತ್ತು. ಲಾಕೆಟ್, ಡನ್‌ಸ್ಟಾಲ್, ದೊಡ್ಡ ಏಬ್ಲೆಟ್ (ಅಪ್ಪ ಗ್ಯಾರಿ) ಮೂವರೂ ಹೊಡೆದವರೇ. ಕೊನೆಯವನು ಹಾಥಾರ್ನ್‌ನ ಲಾನ್ಸ್ ಫ್ರಾಂಕ್ಲಿನ್, 2008ರಲ್ಲಿ. ಆಮೇಲೆ ಒಬ್ಬನೂ ಇಲ್ಲ. ಎದೆಯೆತ್ತರದ ಚೆಂಡನ್ನು ಹಿಡಿಯಲು ಗೋಲಿನ ಮುಂದೆ ಒಬ್ಬ ದೈತ್ಯ, ಅವನನ್ನು ತಡೆಯಲು ಇನ್ನೊಬ್ಬ ದೈತ್ಯ: ಈ ಜೋಡಿ ಕಾಳಗ ನೋಡಲೆಂದೇ ಗೋಲಿನ ಹಿಂದೆ ಸೀಟು ಹಿಡಿಯುತ್ತಿದ್ದವರಿಗೆ ಈಗ ನೋಡಲು ಏನಿದೆ ಹೇಳಿ.

ಯಾಕೆ ಹೀಗಾಯಿತು? ಎಲ್ಲರೂ ಕೋಚುಗಳನ್ನು ಬಯ್ಯುತ್ತಾರೆ. ನನ್ನ ಪ್ರಕಾರ ಬೇರು ಇರೋದು ಬೆಂಚಿನಲ್ಲಿ.

ಮೈದಾನದೊಳಗೆ ತಂಡಕ್ಕೆ 18 ಜನ. ಹಿಂದೆ 19ನೆಯವ, 20ನೆಯವ ಅಂತ ಇಬ್ಬರು ಹೊರಗೆ ಕೂರುತ್ತಿದ್ದರು. ಒಳಗಿದ್ದವನು ಒಮ್ಮೆ ಹೊರಬಂದರೆ ಅಲ್ಲಿಗೆ ಮುಗಿಯಿತು, ಮತ್ತೆ ಒಳಹೋಗುವಂತಿಲ್ಲ. 1978ರಲ್ಲಿ ಇಂಟರ್‌ಚೇಂಜ್ ಬಂತು, ಹೊರಬಂದವನು ಮತ್ತೆ ಹೋಗಬಹುದು. 1994ರಲ್ಲಿ ಬೆಂಚಿಗೆ ಮೂವರು, 1998ರಲ್ಲಿ ನಾಲ್ವರು. ಮೊದಮೊದಲು ಇದು ಗಾಯಗೊಂಡವರಿಗಾಗಿ ಇದ್ದ ಸೌಲಭ್ಯ. 2000ದ ದಶಕದಲ್ಲಿ ಕೋಚುಗಳಿಗೆ ಹೊಳೆಯಿತು: ಆಟಗಾರನನ್ನು ಐದಾರು ನಿಮಿಷ ಜೀವ ಬಿಟ್ಟು ಓಡಿಸು, ಹೊರಗೆಳೆ, ಉಸಿರು ತುಂಬಿಸು, ಮತ್ತೆ ಬಿಡು. 2013ರ ಹೊತ್ತಿಗೆ ಒಂದೊಂದು ತಂಡ ಪಂದ್ಯಕ್ಕೆ 130 ಸಲ ಅದಲುಬದಲು ಮಾಡುತ್ತಿತ್ತು.

ಇದರಿಂದ ಆದದ್ದು ಏನೆಂದರೆ, ದಣಿವು ಅನ್ನೋದು ಆಟದಿಂದ ಮಾಯವಾಯಿತು. ಎಂಸಿಜಿ ಮೈದಾನ ಉದ್ದಕ್ಕೆ ಹತ್ತಿರಹತ್ತಿರ 160 ಮೀಟರ್. ಮೊದಲು ಕೊನೆಯ ಕ್ವಾರ್ಟರಿಗೆ ಕಾಲು ಸೋತು ಜಾಗಗಳು ತೆರೆದುಕೊಳ್ಳುತ್ತಿದ್ದವು. ಗೋಲುಗಳು ಸುರಿಯುತ್ತಿದ್ದುದು, ಐದು ಗೋಲು ಹಿಂದಿದ್ದವರು ಎದ್ದು ಬರುತ್ತಿದ್ದುದು ಆಗಲೇ. ಈಗ 36 ಜನರೂ ಚೆಂಡಿನ ಹಿಂದೆ ಓಡಬಲ್ಲರು, ಹಾಗಾಗಿ ಓಡುತ್ತಾರೆ. ಮೊದಲು ‘ಫ್ಲಡ್’ ಬಂತು, ಎಲ್ಲರೂ ತಮ್ಮ ಗೋಲಿನ ಮುಂದೆ ಬಂದು ತುಂಬಿಕೊಳ್ಳೋದು. ಆಮೇಲೆ ಅದರ ತದ್ವಿರುದ್ಧ ‘ಪ್ರೆಸ್’, ಎಲ್ಲರೂ ಮುಂದೆ ಹೋಗಿ ಎದುರಾಳಿಯನ್ನು ಅವರ ಅರ್ಧದಲ್ಲೇ ಕೂಡಿಹಾಕೋದು. 2008ರ ಹಾಥಾರ್ನ್, 2009-10ರ ಸೇಂಟ್ ಕಿಲ್ಡಾ, 2010ರ ಕಾಲಿಂಗ್‌ವುಡ್ ಇದನ್ನು ಅರೆದು ಕುಡಿದ ತಂಡಗಳು.

ಈಗಿನ ಒಂದು ದೃಶ್ಯ ನೋಡಿ. ಗೆರೆಯಿಂದ ಹೊರಹೋದ ಚೆಂಡನ್ನು ಬೌಂಡರಿ ಅಂಪೈರ್ ತಲೆ ಮೇಲಿಂದ ಹಿಂದಕ್ಕೆಸೆಯುತ್ತಾನೆ. ಇಬ್ಬರು ಎತ್ತರದವರು ಎಗರಿ ತಟ್ಟುತ್ತಾರೆ, ಚೆಂಡು ಕಾಲುಗಳ ನಡುವೆ ಬೀಳುತ್ತದೆ. ಒಬ್ಬ ಬಗ್ಗಿ ಎತ್ತುವಷ್ಟರಲ್ಲಿ ಬೆನ್ನ ಮೇಲೆ ಮೂವರು. ಅಂಪೈರ್ ಸೀಟಿ ಊದಿ ಮತ್ತೆ ಎಸೆಯುತ್ತಾನೆ. ಇಪ್ಪತ್ತು ಮೀಟರಿನ ವೃತ್ತದಲ್ಲಿ ಇಪ್ಪತ್ತೈದು ಜನ, ಉಳಿದ ಮೈದಾನ ಖಾಲಿ ಗದ್ದೆ. ಟೀವಿಯಲ್ಲಿ ಅಂಗಿಗಳಷ್ಟೇ ಕಾಣುತ್ತವೆ, ಚೆಂಡು ಕಾಣುವುದಿಲ್ಲ.

ಲೀಗ್ ಸುಮ್ಮನೆ ಕೂತಿರಲಿಲ್ಲ. ಅದಲುಬದಲಿಗೆ 2014ರಲ್ಲಿ 120ರ ಮಿತಿ ಹಾಕಿದರು, 2016ರಲ್ಲಿ 90ಕ್ಕೆ ಇಳಿಸಿದರು, 2021ರಲ್ಲಿ 75ಕ್ಕೆ. ಆದರೆ ಅಷ್ಟರಲ್ಲಿ ಆಟಗಾರರ ದೇಹವೇ ಬೇರೆಯಾಗಿತ್ತು. ಎಲ್ಲರೂ ಮಧ್ಯಮ ದೂರದ ಓಟಗಾರರು, ಬೆನ್ನಿಗೆ ಜಿಪಿಎಸ್. ಹೋದ ಗೋಲುಗಳು ವಾಪಸ್ ಬರಲಿಲ್ಲ.


ಸೀಟಿ_ಮತ್ತು_ಶಾಪ

ಬೆಂಚಿನ ವಿಷಯ ಒಪ್ಪಿದೆ. ಆದರೆ ಹಳಬರನ್ನು ಎಬ್ಬಿಸಿ ಮನೆಗೆ ಕಳಿಸಿದ್ದು ಗೋಲಿನ ಕೊರತೆಯಲ್ಲ. ಏನು ನಡೆಯುತ್ತಿದೆ ಅನ್ನೋದೇ ಅವರಿಗೆ ತಿಳಿಯದಂತಾದದ್ದು. ಐವತ್ತು ವರ್ಷ ನೋಡಿದವನು ಪಕ್ಕದ ಸೀಟಿನ ಹುಡುಗನನ್ನು ‘ಅದ್ಯಾಕೆ ಫ್ರೀ ಕಿಕ್ ಕೊಟ್ಟ?’ ಅಂತ ಕೇಳಬೇಕಾದರೆ ಆ ಅವಮಾನ ಸಣ್ಣದಲ್ಲ.

ಈಚಿನದಷ್ಟೇ ಹೇಳುತ್ತೇನೆ.

2017: ಎಸೆತಕ್ಕೆ ಎಗರೋದು ತಂಡಕ್ಕೊಬ್ಬನೇ. ಯಾರು ಅಂತ ಅಂಪೈರಿಗೆ ಮೊದಲೇ ಕೈ ಎತ್ತಿ ಹೇಳಬೇಕು ಅಂತ ಬಂತು. ಜಗಳದ ಮಧ್ಯೆ ಹಾಜರಿ ಕೂಗಿದ ಹಾಗೆ.

2019: 6-6-6. ಪ್ರತಿ ಗೋಲಿನ ನಂತರ ಆಟ ನಡುವಿನಿಂದ ಶುರುವಾಗುವಾಗ ಎರಡೂ 50 ಮೀಟರ್ ಕಮಾನಿನೊಳಗೆ (ಗೋಲಿನಿಂದ 50 ಮೀಟರ್ ದೂರದಲ್ಲಿ ಎಳೆದ ಬಾಗು ಗೆರೆ) ತಂಡಕ್ಕೆ ಆರಾರು ಜನ, ಉಳಿದ ಆರು ಜನ ನಡುವೆ. ತಪ್ಪಿದರೆ ಫ್ರೀ ಕಿಕ್. ಇದು ಒಳ್ಳೆಯ ನಿಯಮ ಅಂತಲೇ ನನ್ನ ಅಭಿಪ್ರಾಯ, ಆದರೆ ಅದರ ಪ್ರಭಾವ ಹತ್ತು ಸೆಕೆಂಡು. ಚೆಂಡು ಹಾರಿತೋ, ಎಲ್ಲರೂ ಓಡಿ ಬಂದು ಗುಂಪು ಕಟ್ಟುತ್ತಾರೆ.

2021: ‘ಸ್ಟ್ಯಾಂಡ್’. ಒಬ್ಬ ಚೆಂಡನ್ನು ಮಾರ್ಕ್ ಹಿಡಿದ, ಅಂದರೆ ಕನಿಷ್ಠ 15 ಮೀಟರ್ ಬಂದ ಕಿಕ್ಕನ್ನು ನೆಲಕ್ಕೆ ತಾಗುವ ಮೊದಲೇ ಹಿಡಿದ. ಅವನಿಗೆ ಅಡ್ಡಿಯಿಲ್ಲದೆ ಒದೆಯುವ ಹಕ್ಕು. ಎದುರಾಳಿಯೊಬ್ಬ ಅವನು ಹಿಡಿದ ಜಾಗದ ಗುರುತಿನ ಮೇಲೆ ಬಂದು ನಿಲ್ಲುತ್ತಾನೆ. ಮೊದಲು ಅವನು ಅತ್ತಿತ್ತ ಸರಿದು, ಕುಣಿದು, ಒದೆಯುವವನನ್ನು ಕಾಡಬಹುದಿತ್ತು. ಈಗ ಅಂಪೈರ್ ‘ಸ್ಟ್ಯಾಂಡ್’ ಅಂದ ಕೂಡಲೇ ಕಂಬವಾಗಬೇಕು. ಒಂದು ಹೆಜ್ಜೆ ಪಕ್ಕಕ್ಕಿಟ್ಟರೆ 50 ಮೀಟರ್ ದಂಡ: ಒದೆಯುವವನು ಗೋಲಿನ ಕಡೆ ಅಷ್ಟು ದೂರ ಮುಂದೆ ಹೋಗುತ್ತಾನೆ, ಅಂದರೆ ಬಹುಪಾಲು ಒಂದು ಗೋಲನ್ನೇ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ಒದೆಯುವವನಿಗೆ ಮೈದಾನದ ನಡುವಿಗೆ ದಾರಿ ತೆರೆದು ಗೋಲು ಹೆಚ್ಚಲಿ ಅನ್ನೋದು ಉದ್ದೇಶ. ಹೆಚ್ಚಿದ್ದು ಮಾತ್ರ ಸುಲಭದ ಮಾರ್ಕುಗಳು. ಹಿಂದಿನ ಸಾಲಿನಲ್ಲಿ ಒಬ್ಬ ಹಿಡಿದ, ಪಕ್ಕದವನಿಗೆ 20 ಮೀಟರ್ ಒದ್ದ, ಅವನು ಹಿಡಿದ, ಅವನು ಮತ್ತೊಬ್ಬನಿಗೆ. ಕೇರಂ ಬೋರ್ಡಿನಲ್ಲಿ ಸ್ಟ್ರೈಕರ್ ತಳ್ಳಾಡಿದ ಹಾಗೆ.

2022: ಅಂಪೈರ್ ತೀರ್ಪಿಗೆ ಎರಡು ಕೈ ಅಗಲಿಸಿ ‘ಏನಿದು’ ಅಂದರೂ 50 ಮೀಟರ್. ಸ್ಥಳೀಯ ಲೀಗುಗಳಲ್ಲಿ ಬೈಗುಳ ತಾಳಲಾರದೆ ಅಂಪೈರಿಂಗ್ ಬಿಡುತ್ತಿದ್ದವರನ್ನು ಉಳಿಸಿಕೊಳ್ಳಲು ಇದು ಬೇಕಿತ್ತು, ತಕರಾರಿಲ್ಲ. ಆದರೆ ಮೊದಲ ವಾರಗಳಲ್ಲಿ ಒಬ್ಬರು ಒಂದು ತರ, ಇನ್ನೊಬ್ಬರು ಇನ್ನೊಂದು ತರ ಜಾರಿ ಮಾಡಿದರು.

ಎಲ್ಲದಕ್ಕಿಂತ ದೊಡ್ಡ ಬೆಂಕಿ ‘ಹೋಲ್ಡಿಂಗ್ ದ ಬಾಲ್’. ಬರಹದಲ್ಲಿ ಇದು ಸರಳ. ಚೆಂಡು ಹಿಡಿದವನಿಗೆ ತಪ್ಪಿಸಿಕೊಳ್ಳಲು ಮೊದಲೇ ಅವಕಾಶ ಇದ್ದು ಆಮೇಲೆ ಸರಿಯಾಗಿ ಟ್ಯಾಕಲ್ ಆದರೆ, ಅವನು ಕೂಡಲೇ ಒದೆಯಬೇಕು ಇಲ್ಲವೇ ಮುಷ್ಟಿಯಿಂದ ಹೊಡೆದು ಚೆಂಡು ದಾಟಿಸಬೇಕು (ಹ್ಯಾಂಡ್‌ಬಾಲ್). ಆಗದಿದ್ದರೆ ಫ್ರೀ ಕಿಕ್ ಎದುರಾಳಿಗೆ. ಮೊದಲು ಅವಕಾಶ ಇಲ್ಲದಿದ್ದರೆ ಪ್ರಾಮಾಣಿಕ ಪ್ರಯತ್ನ ಸಾಕು. ಅವಕಾಶ ಅಂದರೆ ಎಷ್ಟು ಹೊತ್ತು? ಅರ್ಧ ಸೆಕೆಂಡೋ, ಎರಡು ಸೆಕೆಂಡೋ? ಪ್ರಯತ್ನ ಪ್ರಾಮಾಣಿಕ ಅಂತ ಅಳೆಯೋದು ಹೇಗೆ? ಬಿಡುಗಡೆ ಮಾಡಿದ್ದೋ, ಕೈಜಾರಿದ್ದೋ, ಎಸೆದದ್ದೋ? ಒಂದು ಟ್ಯಾಕಲಿಗೆ ನಾಲ್ಕು ತೀರ್ಪು, ಪ್ರತಿಯೊಂದೂ ಅಂಪೈರ್ ಊಹೆ. 2024ರಲ್ಲಿ ಸೀಸನ್ ನಡುವೆಯೇ ಆ ಸಮಯವನ್ನು ಕಡಿಮೆ ಮಾಡಿ ಅಂತ ಅಂಪೈರುಗಳಿಗೆ ಸೂಚನೆ ಹೋಯಿತು. ಮೇ ತಿಂಗಳ ಆರಂಭದಲ್ಲಿ ಸರಿ ಇದ್ದದ್ದು ಜೂನಿನಲ್ಲಿ ತಪ್ಪು. ಯಾವ ಆಟದಲ್ಲಾದರೂ ಪ್ರೇಕ್ಷಕ ಇದನ್ನು ಸಹಿಸುತ್ತಾನಾ?

2026ಕ್ಕೆ ಇನ್ನೊಂದು ಕಂತು. ಒಂದೇ ಸಲ ಬದಲಿಯಾಗಿ ಇಳಿಯುತ್ತಿದ್ದ ಸಬ್ ಆಟಗಾರ ಹೋಗಿ ಬೆಂಚಿಗೆ ಐವರು. ಎರಡು ಕಮಾನುಗಳ ನಡುವೆ ಒದ್ದೋ ಹ್ಯಾಂಡ್‌ಬಾಲ್ ಮಾಡಿಯೋ ಚೆಂಡನ್ನು ನೇರ ಹೊರಗೆ ಕಳಿಸಿದವನ ವಿರುದ್ಧ ಫ್ರೀ ಕಿಕ್. ದಕ್ಷಿಣ ಆಸ್ಟ್ರೇಲಿಯಾದ ಎಸ್‌ಎಎನ್‌ಎಫ್‌ಎಲ್ ಇದನ್ನು 2016ರಿಂದಲೇ ಆಡುತ್ತಿದೆ, ಅಲ್ಲಿ ಚೆನ್ನಾಗಿಯೇ ನಡೆದಿದೆ. ಜೊತೆಗೆ ಸೆಂಟರ್ ಬೌನ್ಸ್ ರದ್ದು. ಅಂಪೈರ್ ಚೆಂಡನ್ನು ನೆಲಕ್ಕೆ ಅಪ್ಪಳಿಸಿ ಆಟ ಶುರು ಮಾಡುವುದು ಬೇರೆ ಯಾವ ಆಟದಲ್ಲೂ ಇಲ್ಲದ ಕ್ಷಣ. ಅದು ಒಮ್ಮೊಮ್ಮೆ ವಾರೆ ಪುಟಿಯುತ್ತಿತ್ತು ನಿಜ, ಅಂಪೈರುಗಳ ಬೆನ್ನಿಗೂ ಕಷ್ಟ. ಮೇಲಕ್ಕೆ ಎಸೆದರೆ ನ್ಯಾಯವಾಗುತ್ತದೆ. ಆದರೂ ಹಳಬರಿಗೆ ಅದು ಗುಡಿಯ ಗಂಟೆ ತೆಗೆದು ಕಾಲಿಂಗ್ ಬೆಲ್ ಹಾಕಿದ ಹಾಗೆ.

ತಂತ್ರಜ್ಞಾನವೂ ಕೈಕೊಟ್ಟ ಉದಾಹರಣೆ ಬೇಕೇ? 2023 ಆಗಸ್ಟ್ 19, ಅಡಿಲೇಡ್ ಓವಲ್. ಕೊನೆಯ ನಿಮಿಷಗಳಲ್ಲಿ ಅಡಿಲೇಡ್‌ನ ಬೆನ್ ಕೀಸ್ ಒದ್ದ ಚೆಂಡು ಕಂಬಕ್ಕೆ ತಾಗಿತು ಅಂತ ಬಿಹೈಂಡ್ ಕೊಟ್ಟರು. ತಾಗಿರಲಿಲ್ಲ. ಮರುಪರಿಶೀಲನೆಯ ಕೋಣೆ, ಕ್ಯಾಮೆರಾ ಎಲ್ಲ ಇದ್ದೂ ಯಾರೂ ಕೇಳಲಿಲ್ಲ. ಸಿಡ್ನಿ ಒಂದು ಪಾಯಿಂಟಿನಲ್ಲಿ ಗೆದ್ದು ಫೈನಲ್ಸಿಗೆ (ಸೀಸನ್ ಕೊನೆಯ ನಾಕೌಟ್ ಆಟಗಳಿಗೆ) ಹೋಯಿತು, ಅಡಿಲೇಡ್ ಹೊರಗುಳಿಯಿತು. ಲೀಗ್ ತಪ್ಪು ಒಪ್ಪಿಕೊಂಡಿತು, ಫಲಿತಾಂಶ ಮಾತ್ರ ಹಾಗೇ ಉಳಿಯಿತು.


ಕರಾವಳಿ_ಕಿಕ್

ಇಬ್ಬರೂ ಮೈದಾನದ ಒಳಗೇ ಸುತ್ತುತ್ತಿದ್ದೀರಿ ಮಾರಾಯ್ರೆ. ಅಭಿಮಾನ ಅಂದರೆ ಮುಕ್ಕಾಲು ಪಾಲು ಅಭ್ಯಾಸ. ಅಭ್ಯಾಸ ತಪ್ಪಿಸಿದರೆ ಅಭಿಮಾನ ತನ್ನಷ್ಟಕ್ಕೇ ಇಳಿಯುತ್ತದೆ, ಯಾವ ನಿಯಮವೂ ಬದಲಾಗಬೇಕೆಂದಿಲ್ಲ.

ಎಎಫ್‌ಎಲ್‌ನ ಹಿಂದಿನ ರೂಪವಾದ ಹಳೆಯ ವಿಎಫ್‌ಎಲ್‌ನ (ವಿಕ್ಟೋರಿಯಾ ರಾಜ್ಯದ ಲೀಗ್) ಲೆಕ್ಕ ನೋಡಿ. 12 ಕ್ಲಬ್ಬು, 22 ಸುತ್ತು. ಪ್ರತಿ ತಂಡ ಉಳಿದ ಹನ್ನೊಂದರ ಜೊತೆ ಎರಡೆರಡು ಸಲ, ಒಮ್ಮೆ ಮನೆಯಲ್ಲಿ ಒಮ್ಮೆ ಹೊರಗೆ. 1970ರಿಂದ 1986ರವರೆಗೆ ಇದೇ. ಹೆಚ್ಚಿನ ಆಟಗಳು ಶನಿವಾರ ಮಧ್ಯಾಹ್ನ 2:10ಕ್ಕೆ. ಕ್ಯಾಲೆಂಡರ್ ನೋಡುವ ಅಗತ್ಯವೇ ಇರಲಿಲ್ಲ, ಊಟ ಮುಗಿಸಿ ಟ್ರಾಮ್ ಹತ್ತಿದರೆ ಆಯಿತು. 1987ರಲ್ಲಿ ವೆಸ್ಟ್ ಕೋಸ್ಟ್, ಬ್ರಿಸ್ಬೇನ್ ಬಂದವು, 1990ರಲ್ಲಿ ಹೆಸರು ಎಎಫ್‌ಎಲ್ ಆಯಿತು, 2012ಕ್ಕೆ 18 ತಂಡ. 2028ಕ್ಕೆ ಟಾಸ್ಮೇನಿಯಾ ಸೇರಿದರೆ 19.

18 ತಂಡಕ್ಕೆ ಆಟ 23. ಹದಿನೇಳು ತಂಡಗಳ ಜೊತೆ ಒಂದೊಂದು, ಉಳಿದ ಆರು ಆಟ ಯಾರದೋ ಜೊತೆ ಎರಡನೇ ಸಲ. ಆ ಆರು ಯಾರು ಅನ್ನುವುದು ಹಿಂದಿನ ವರ್ಷದ ಸ್ಥಾನ, ಟೀವಿಗೆ ಬೇಕಾದ ಜೋಡಿ, ಸ್ಟೇಡಿಯಂ ಖಾಲಿ ಉಂಟೋ ಇಲ್ಲವೋ ಎಲ್ಲ ಸೇರಿ ನಿರ್ಧಾರ. ಒಬ್ಬನಿಗೆ ಆರು ಹುಲಿ, ಇನ್ನೊಬ್ಬನಿಗೆ ಆರು ಕುರಿ. ಫೈನಲ್ಸಿಗೆ ಹೋಗುತ್ತಿದ್ದುದು ಮೊದಲ ಎಂಟು ತಂಡ. ಪಟ್ಟಿಯಲ್ಲಿ ಎಂಟನೆಯವನಿಗೂ ಒಂಬತ್ತನೆಯವನಿಗೂ ಒಂದು ಗೆಲುವಿನ ಅಂತರ ಇದ್ದಾಗ ಇದು ಸಣ್ಣ ವಿಷಯ ಅಲ್ಲ. 2026ರಿಂದ ವೈಲ್ಡ್‌ಕಾರ್ಡ್ ಸುತ್ತು ಬೇರೆ: ಏಳನೆಯವ ಹತ್ತನೆಯವನ ಜೊತೆ, ಎಂಟನೆಯವ ಒಂಬತ್ತನೆಯವನ ಜೊತೆ. ಹದಿನೆಂಟರಲ್ಲಿ ಹತ್ತು ಪಾಸ್! ಇನ್ನು ಗ್ರೇಸ್ ಮಾರ್ಕ್ಸ್ ಒಂದೇ ಬಾಕಿ.

ದಿನ-ಹೊತ್ತು? ಗುರುವಾರ ರಾತ್ರಿಯಿಂದ ಭಾನುವಾರ ಸಂಜೆಯವರೆಗೆ ಹರಡಿದೆ. ಶುಕ್ರವಾರದ ಆಟ 7:40ಕ್ಕೆ ಶುರುವಾದರೆ ಮುಗಿಯುವಾಗ ಹತ್ತು ದಾಟುತ್ತದೆ. ಕ್ವಾರ್ಟರ್ ಅಂದರೆ 20 ನಿಮಿಷ ಅಂತ ಹೇಳುವುದು ಮಾತ್ರ, ಚೆಂಡು ಸತ್ತಾಗೆಲ್ಲ ಗಡಿಯಾರ ನಿಲ್ಲುವುದರಿಂದ ಅರ್ಧ ಗಂಟೆ ಹಿಡಿಯುತ್ತದೆ. ನಾಲ್ಕು ಕ್ವಾರ್ಟರು, ನಡುವೆ 20 ನಿಮಿಷದ ಹಾಫ್ ಟೈಮ್. ಎಂಟು ವರ್ಷದ ಮಗುವನ್ನು ಕರೆದುಕೊಂಡು ಹೋದವರು ಮೂರನೇ ಕ್ವಾರ್ಟರಿಗೇ ಎದ್ದು ಬರಬೇಕು. ಹೊಸ ತಲೆಮಾರಿಗೆ ಅಂಟುವುದು ಹಾಗೆಯೇ ತಪ್ಪುತ್ತದೆ, ಕರೆದುಕೊಂಡು ಹೋಗುವವರಿಗೂ ಕ್ರಮೇಣ ಬೇಡ ಅನ್ನಿಸುತ್ತದೆ. ಸೀಸನ್ನಿನ ಕೊನೆಯ ಸುತ್ತುಗಳ ದಿನ-ಹೊತ್ತು ಹತ್ತಿರ ಬಂದ ಮೇಲೆಯೇ ಗೊತ್ತಾಗುವುದು. ಬೆಂಡಿಗೋ, ಬಲರಾಟ್ ಕಡೆಯಿಂದ ರೈಲಿನಲ್ಲಿ ಬರುವವರು ರಜೆ ಹಾಕುವುದು ಹೇಗೆ?

ಮೈದಾನಗಳೂ ಹೋದವು. ಹಾಥಾರ್ನ್‌ಗೆ ಗ್ಲೆನ್‌ಫೆರಿ, ಎಸೆಂಡನ್‌ಗೆ ವಿಂಡಿ ಹಿಲ್, ಸೇಂಟ್ ಕಿಲ್ಡಾಕ್ಕೆ ಮೊರಾಬಿನ್, ಕಾಲಿಂಗ್‌ವುಡ್‌ಗೆ ವಿಕ್ಟೋರಿಯಾ ಪಾರ್ಕ್, ಕಾರ್ಲ್ಟನ್‌ಗೆ ಪ್ರಿನ್ಸಸ್ ಪಾರ್ಕ್. ಒಂದೊಂದಕ್ಕೂ ಒಂದೊಂದು ಗಾಳಿ, ಒಂದೊಂದು ಕೆಸರು. ಪ್ರಿನ್ಸಸ್ ಪಾರ್ಕಿನಲ್ಲಿ 2005ರಲ್ಲಿ ಕೊನೆಯ ಆಟ ಆಯಿತು. ಈಗ ಮೆಲ್ಬರ್ನಿನ ಒಂಬತ್ತು ಕ್ಲಬ್ಬುಗಳಿಗೆ ಎಂಸಿಜಿ ಮತ್ತು 2000ದಲ್ಲಿ ತೆರೆದ ಛಾವಣಿಯ ಡಾಕ್‌ಲ್ಯಾಂಡ್ಸ್, ಎರಡೇ. ಕೂರಲು ಸುಖ, ನೋಡಲು ಸುಖ, ಛಾವಣಿ ಮುಚ್ಚಿದರೆ ಮಳೆಯೂ ಇಲ್ಲ. ಆದರೆ ‘ನಮ್ಮ ಮೈದಾನ’ ಅನ್ನುವ ಮಾತೇ ಇಲ್ಲ, ಮನೆಯ ಆಟಕ್ಕೂ ಹೊರಗಿನ ಆಟಕ್ಕೂ ಅದೇ ಸೀಟು.

ಟೀವಿ ವಿಷಯ ಹೇಳಿ ಮುಗಿಸುತ್ತೇನೆ. 2025ರಿಂದ 2031ರವರೆಗಿನ ಪ್ರಸಾರದ ಒಪ್ಪಂದ ಏಳು ವರ್ಷಕ್ಕೆ 450 ಕೋಟಿ ಆಸ್ಟ್ರೇಲಿಯನ್ ಡಾಲರ್. ಅಷ್ಟು ದುಡ್ಡು ಕೊಟ್ಟವರು ಸುಮ್ಮನೆ ಬಿಡುತ್ತಾರಾ? ಸೀಸನ್ ಆರಂಭದ ವಾರಗಳಲ್ಲಿ ಶನಿವಾರದ ಆಟ ಫಾಕ್ಸ್‌ಟೆಲ್-ಕಾಯೋ ಕಡೆಗೆ ಹೋಯಿತು, ದುಡ್ಡು ಕಟ್ಟಿದವರಿಗೆ ಮಾತ್ರ. ಶನಿವಾರವನ್ನೇ! ಉಚಿತ ಚಾನೆಲ್ಲಿನಲ್ಲಿ ಗೋಲು ಆದ ಕೂಡಲೇ ಜಾಹೀರಾತು. ಜೂಜಿನದ್ದಕ್ಕೆ 2018ರಲ್ಲಿ ನಿಯಮ ಬಂತು, ಬೆಳಿಗ್ಗೆ 5ರಿಂದ ರಾತ್ರಿ 8:30ರವರೆಗೆ ನೇರ ಪ್ರಸಾರದ ಆಟದ ನಡುವೆ ಹಾಕುವ ಹಾಗಿಲ್ಲ. ಈಗ 7:40ಕ್ಕೆ ಶುರುವಾದ ಆಟದ ಹಾಫ್ ಟೈಮ್ ಎಷ್ಟು ಹೊತ್ತಿಗೆ ಬರುತ್ತದೆ ಅಂತ ನೀವೇ ಲೆಕ್ಕ ಹಾಕಿ. 2023ರಲ್ಲಿ ಪೀಟಾ ಮರ್ಫಿ ಅಧ್ಯಕ್ಷತೆಯ ಸಂಸದೀಯ ಸಮಿತಿ ಆನ್‌ಲೈನ್ ಜೂಜಿನ ಜಾಹೀರಾತನ್ನು ಮೂರು ವರ್ಷದಲ್ಲಿ ಹಂತಹಂತವಾಗಿ ಪೂರ್ತಿ ನಿಲ್ಲಿಸಿ ಅಂತ ಹೇಳಿತ್ತು. ಮನೆಯಲ್ಲಿ ಮಕ್ಕಳಿರುವ ಎಷ್ಟೋ ಜನರಿಗೆ ಟೀವಿ ಆಫ್ ಮಾಡಲು ಇದೊಂದೇ ಕಾರಣ ಸಾಕು.


ಧಾರವಾಡ_ಡ್ರಾಪ್‌ಪಂಟ್

ನೀವೆಲ್ಲ ನಿಧಾನಕ್ಕ ಬಿಟ್ಟೋರ ಬಗ್ಗೆ ಹೇಳ್ಲಿಕ್ಹತ್ತೀರಿ. ಒಂದ ದಿನದಾಗ ಬಿಟ್ಟೋರೂ ಅದಾರ ನೋಡ್ರಿ.

ಫಿಟ್ಜ್‌ರಾಯ್ ಕ್ಲಬ್ ಹುಟ್ಟಿದ್ದು 1883ರಾಗ, 1897ರಾಗ ವಿಎಫ್‌ಎಲ್ ಶುರು ಮಾಡಿದ ಎಂಟ ಕ್ಲಬ್ಬಿನಾಗ ಒಂದು. ಎಂಟ ಸಲ ಪ್ರೀಮಿಯರ್‌ಶಿಪ್ ಗೆದ್ದದ್ದು. ಸಾಲ ಮೈಮ್ಯಾಲೆ ಬಂತು, 1996ರ ಸೆಪ್ಟೆಂಬರ್ 1ಕ್ಕ ಕಡೀ ಆಟ. ಅದೂ ತಮ್ಮ ಊರಾಗಲ್ಲ, ಪರ್ತ್‌ನಾಗ, ಫ್ರಿಮ್ಯಾಂಟಲ್ ಎದುರಿಗೆ. ಆಮ್ಯಾಲೆ ಬ್ರಿಸ್ಬೇನ್ ಬೇರ್ಸ್ ಜೋಡಿ ಕೂಡಿಸಿ ಬ್ರಿಸ್ಬೇನ್ ಲಯನ್ಸ್ ಮಾಡಿದ್ರು. ಆ ಲಯನ್ಸ್ 2001, 2002, 2003 ಸಾಲಾಗಿ ಗೆದ್ರು, 2024, 2025ರಾಗೂ ಗೆದ್ದಾರ. ಅಂಗಿ ಮ್ಯಾಲೆ ಸಿಂಹ ಐತಿ ಅಂತ ಕೆಲವರು ಹಿಂದ ಹೋದ್ರು. ಉಳಿದೋರು ‘ನಮ್ಮ ಟೀಮ್ ಸತ್ತೈತಿ’ ಅಂತ ಅವತ್ತ ಎದ್ದು ಹೋದೋರು ಇವತ್ತಿಗೂ ತಿರುಗಿ ನೋಡಿಲ್ಲ. ಸೌತ್ ಮೆಲ್ಬರ್ನ್ 1982ರಾಗ ಸಿಡ್ನಿಗೆ ಹೋದಾಗೂ ಇದ ಕತಿ.

ಇನ್ನೊಂದು, ಆಡಂ ಗುಡ್ಸ್. ಎರಡ ಸಲ ಬ್ರೌನ್‌ಲೋ ಪದಕ (ವರ್ಷದ ಬೆಸ್ಟ್ ಆಟಗಾರಗ ಕೊಡೋದು), 2014ರ ವರ್ಷದ ಆಸ್ಟ್ರೇಲಿಯನ್, ಮೂಲನಿವಾಸಿ ಆಟಗಾರ. ಅಂಥಾವನಿಗೆ 2015ರಾಗ ಮೈದಾನ ಮೈದಾನದಾಗ ಪ್ರೇಕ್ಷಕರು ಬೂ ಅಂತ ಒದರಿದ್ರು. ಅದ ವರ್ಷ ಅವ ಆಟ ಬಿಟ್ಟ. ಲೀಗು, 18 ಕ್ಲಬ್ಬು ಕೂಡಿ ಕ್ಷಮೆ ಕೇಳಿದ್ದು 2019ರಾಗ. ನಾಲ್ಕ ವರ್ಷ ತಡಾ. ಅವನ ಸಂಗಟ ಆಟಕ್ಕ ಬೆನ್ನ ಹಾಕಿದ ಪ್ರೇಕ್ಷಕರನ್ನ ಯಾವ 6-6-6 ತಂದ್ರೂ ತಿರುಗಿ ಕರ್ಕೊಂಡು ಬರಲಿಕ್ಕೆ ಆಗಂಗಿಲ್ಲ.


ಲೆಕ್ಕದ_ಲ್ಯಾಡರ್

ಎಲ್ಲರೂ ಸೇರಿ ತಿಥಿ ಮಾಡುವ ಮೊದಲು ಒಂದು ಅಂಕಿ. 2024ರಲ್ಲಿ ಕ್ಲಬ್ ಸದಸ್ಯತ್ವ ಒಟ್ಟು 13 ಲಕ್ಷ ದಾಟಿತು, ಆ ಸೀಸನ್ನಿನಲ್ಲಿ ಮೈದಾನಕ್ಕೆ ಬಂದವರು 80 ಲಕ್ಷಕ್ಕೂ ಮೇಲೆ. ಎರಡೂ ಆವರೆಗಿನ ದಾಖಲೆ. ಆಟ ಸಾಯುತ್ತಿಲ್ಲ. ಹಳಬರು ಹೋದ ಜಾಗಕ್ಕೆ ಹೊಸಬರು ಬರುತ್ತಿದ್ದಾರೆ, ಲೀಗಿಗೆ ಹೋದವರ ಲೆಕ್ಕ ಕಾಣುವುದೇ ಇಲ್ಲ. ಹಳಬರ ದೂರು ಕಿವಿಗೆ ಬೀಳದಿರುವುದಕ್ಕೆ ಇದೇ ಕಾರಣ.

ಸದಸ್ಯತ್ವದ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಲೂ ಬೇಡಿ. ಪೂರ್ತಿ ಸೀಸನ್ ಸೀಟು ಕಾದಿರಿಸಿದವರೂ ಸದಸ್ಯರೇ, ಮೂರೇ ಆಟದ ಪಾಸ್ ಕೊಂಡವರೂ ಸದಸ್ಯರೇ. ಮೊದಲನೆಯ ಗುಂಪಿನಿಂದ ಎರಡನೆಯದಕ್ಕೆ ಇಳಿದವರು ಆ ಸಂಖ್ಯೆಯಲ್ಲಿ ಹಾಗೆಯೇ ಉಳಿಯುತ್ತಾರೆ. ಹಳಬರು ಬಿಡುವುದು ಸಾಮಾನ್ಯವಾಗಿ ಮೆಟ್ಟಿಲು ಮೆಟ್ಟಿಲಾಗಿ. ಮೊದಲು ಹೊರಊರಿನ ಆಟ ಬಿಡುತ್ತಾರೆ, ಆಮೇಲೆ ರಾತ್ರಿಯ ಆಟ, ಆಮೇಲೆ ಕಾದಿರಿಸಿದ ಸೀಟು ಬಿಟ್ಟು ಸಣ್ಣ ಪಾಸ್, ಕೊನೆಗೆ ತಮ್ಮ ತಂಡದ್ದಲ್ಲದ ಆಟಗಳನ್ನು ಟೀವಿಯಲ್ಲೂ ನೋಡುವುದಿಲ್ಲ. ಈ ಕೊನೆಯ ಮೆಟ್ಟಿಲೇ ನಿಜವಾದ ಗುರುತು. ತನ್ನ ತಂಡ ಬಿಟ್ಟು ಬೇರೆಯವರ ಆಟವನ್ನೂ ಕೂತು ನೋಡುವವನು ಆಟದ ಅಭಿಮಾನಿ. ಅದು ನಿಂತಾಗ ಉಳಿಯುವುದು ಕ್ಲಬ್ಬಿನ ಋಣ ಮಾತ್ರ.

ಯಾರೂ ಹೇಳದ ಇನ್ನೊಂದು ಕಾರಣ ಡ್ರಾಫ್ಟ್, ಅಂದರೆ ಹೊಸ ಹುಡುಗರನ್ನು ಕ್ಲಬ್ಬುಗಳು ಸರದಿಯಂತೆ ಆರಿಸಿಕೊಳ್ಳುವ ವ್ಯವಸ್ಥೆ. ಕೊನೆಯ ಸ್ಥಾನದಲ್ಲಿದ್ದವರಿಗೆ ಮೊದಲ ಆಯ್ಕೆ, ಹೀಗಾಗಿ ಸೋತವರೂ ನಾಲ್ಕೈದು ವರ್ಷದಲ್ಲಿ ಏಳುತ್ತಾರೆ ಅನ್ನುವುದು 1986ರಿಂದ ಅಭಿಮಾನಿಗಳಿಗೆ ಕೊಟ್ಟ ಭರವಸೆ. ಸೋಲುವ ತಂಡಕ್ಕೆ ಅಂಟಿಕೊಂಡಿರಲು ಬೇಕಾದ ತಾಳ್ಮೆ ಬರುವುದು ಇದರಿಂದಲೇ. ಆದರೆ ತಂದೆ-ಮಗ ನಿಯಮ (ಹಳೆಯ ಆಟಗಾರನ ಮಗನ ಮೇಲೆ ಅವನ ಕ್ಲಬ್ಬಿಗೆ ಹಕ್ಕು), ಉತ್ತರದ ನಾಲ್ಕು ಕ್ಲಬ್ಬುಗಳ ಅಕಾಡೆಮಿ (ಅಲ್ಲಿ ಬೆಳೆದ ಹುಡುಗರ ಮೇಲೆ ಹಕ್ಕು) ಅಂತ ಪಕ್ಕದ ಬಾಗಿಲುಗಳಿವೆ. ಬೇರೆ ಕ್ಲಬ್ ಅಂಥ ಹುಡುಗನ ಹೆಸರು ಕೂಗಿದರೆ, ಹಕ್ಕಿರುವ ಕ್ಲಬ್ ತನ್ನ ನಂತರದ ಸರದಿಯ ಆಯ್ಕೆಗಳಿಗೆ ಇರುವ ಪಾಯಿಂಟುಗಳನ್ನು ಕೂಡಿಸಿ, ಮೇಲೆ ರಿಯಾಯಿತಿಯನ್ನೂ ಪಡೆದು ಅವನನ್ನು ಎತ್ತಿಕೊಳ್ಳಬಹುದು. 2023ರಲ್ಲಿ ಗೋಲ್ಡ್ ಕೋಸ್ಟ್ ತನ್ನ ಅಕಾಡೆಮಿಯ ನಾಲ್ವರನ್ನು ಮೊದಲ ಸುತ್ತಿನಲ್ಲೇ ಪಡೆಯಿತು. ಕ್ವೀನ್ಸ್‌ಲ್ಯಾಂಡ್‌ನಂಥ ರಗ್ಬಿ ಸೀಮೆಯಲ್ಲಿ ಹುಡುಗರನ್ನು ಬೆಳೆಸಿದ್ದಕ್ಕೆ ಅದು ಪ್ರತಿಫಲ ಅಂತ ಲೀಗ್ ಸಮರ್ಥಿಸುತ್ತದೆ, ಅದರಲ್ಲಿ ಹುರುಳೂ ಇದೆ. ಆದರೆ ಮೆಲ್ಬರ್ನಿನಲ್ಲಿ ಐದು ವರ್ಷ ತಳದಲ್ಲಿ ಬಿದ್ದಿರುವ ತಂಡದವನಿಗೆ ಕಾಣುವುದು ಸರತಿಯಲ್ಲಿ ಮುಂದೆ ನಿಂತಿದ್ದೂ ಟಿಕೆಟ್ ಸಿಗದ ಸ್ಥಿತಿ.


ಯಾರಾ_ದಂಡೆ

ಇಷ್ಟು ವಿವರಕ್ಕೆ ಎಲ್ಲರಿಗೂ ಋಣಿ. ಹಾಗಾದರೆ ಆಟ ಬಿಟ್ಟ ಹಳಬರೊಬ್ಬರನ್ನು ಮತ್ತೆ ಕರೆದುಕೊಂಡು ಹೋಗಬೇಕೆಂದರೆ ಎಲ್ಲಿಗೆ ಹೋಗುವುದು? ಅಥವಾ ಹೊಸದಾಗಿ ಕಲಿಯುವವರು ಈ ಗುಂಪುಗುದ್ದಾಟದಲ್ಲಿ ಏನನ್ನು ನೋಡಬೇಕು?


ಹಾಫ್‌ಬ್ಯಾಕ್_ಫ್ಲ್ಯಾಂಕ್

ಎರಡಕ್ಕೂ ಬೇರೆ ಬೇರೆ ಉತ್ತರ.

ಕಲಿಯುವವರು ಎಂಸಿಜಿಯಲ್ಲಿ ಮೈದಾನದ ಪಕ್ಕದ ಕೆಳಗಿನ ಸೀಟಿಗೆ ದುಡ್ಡು ಸುರಿಯಬೇಡಿ. ಗೋಲಿನ ಹಿಂದೆ, ಮೇಲಿನ ಅಂತಸ್ತಿಗೆ ಹೋಗಿ. ಕ್ರಿಕೆಟ್‌ನಲ್ಲಿ ವಿಕೆಟ್ಟಿನ ನೇರಕ್ಕೆ ಕೂತು ನೋಡುವ ಹಾಗೆ. ಚೆಂಡನ್ನು ಬಿಟ್ಟು, ಅದರಿಂದ 60-70 ಮೀಟರ್ ದೂರ ಇರುವ ಆಟಗಾರರನ್ನು ನೋಡಿ. ಹಿಂದಿನ ಸಾಲು ಒಂದೇ ಬೇಲಿಯ ಹಾಗೆ ಮುಂದಕ್ಕೆ ಸರಿದರೆ ಅದು ಪ್ರೆಸ್. ಆ ಬೇಲಿಯ ಹಿಂದೆ ಎದುರಾಳಿಯೊಬ್ಬ ನುಸುಳಿ ಕೈ ಬೀಸುತ್ತಿದ್ದರೆ ಇನ್ನೆರಡು ಕಿಕ್ಕಿನಲ್ಲಿ ಗೋಲು ಅಂತಲೇ ತಿಳಿಯಿರಿ. ಟೀವಿಯ ಕ್ಯಾಮೆರಾ ಇದನ್ನು ತೋರಿಸುವುದೇ ಇಲ್ಲ. ಟೀವಿಯಲ್ಲಿ ಆಟ ಸಪ್ಪೆ ಅನ್ನಿಸಲು ಅರ್ಧ ಕಾರಣ ಅದು.

ಹಳಬರನ್ನು ಎಎಫ್‌ಎಲ್‌ಗೆ ಎಳೆಯಬೇಡಿ. ಶನಿವಾರ ಮಧ್ಯಾಹ್ನ ಯಾವುದಾದರೂ ಹಳ್ಳಿ ಲೀಗಿನ ಮೈದಾನಕ್ಕೆ ಕರೆದುಕೊಂಡು ಹೋಗಿ. ಬೇಲಿಗೆ ಮೂತಿ ಮಾಡಿ ಕಾರು ನಿಲ್ಲಿಸಿ ಒಳಗೇ ಕೂತು ನೋಡಬಹುದು, ಗೋಲಾದಾಗ ಎಲ್ಲರೂ ಹಾರನ್ ಹೊಡೆಯುತ್ತಾರೆ. ಕ್ವಾರ್ಟರ್ ಮುಗಿದಾಗ ಬೇಲಿ ದಾಟಿ ಒಳಗೆ ನಡೆದು, ಕೋಚ್ ಹುಡುಗರಿಗೆ ಏನು ಬಯ್ಯುತ್ತಾನೆ ಅಂತ ಪಕ್ಕದಲ್ಲೇ ನಿಂತು ಕೇಳಬಹುದು. ಆಟಗಾರರು ಕೊನೆಯ ಕ್ವಾರ್ಟರಿಗೆ ದಣಿಯುತ್ತಾರೆ, ಜಾಗ ತೆರೆಯುತ್ತದೆ, ಗೋಲಿನ ಮುಂದೆ ಇಬ್ಬರು ದೈತ್ಯರು ಇನ್ನೂ ಗುದ್ದಾಡುತ್ತಾರೆ. ಊರೊಳಗೇ ಸಾಕು ಅಂದರೆ ಬ್ರನ್ಸ್‌ವಿಕ್ ಸ್ಟ್ರೀಟ್ ಓವಲ್‌ಗೆ ಹೋಗಿ. ಫಿಟ್ಜ್‌ರಾಯ್ 2009ರಿಂದ ಹವ್ಯಾಸಿ ಲೀಗಿನಲ್ಲಿ ಅಲ್ಲೇ, ತನ್ನ ಹಳೆಯ ಮನೆಯಂಗಳದಲ್ಲೇ ಆಡುತ್ತಿದೆ.


ಧಾರವಾಡ_ಡ್ರಾಪ್‌ಪಂಟ್

ಸೀನಿಯರ್ ಆಟ ಹೆಚ್ಚಾಗಿ ಮಧ್ಯಾಹ್ನ 2ಕ್ಕ ಇರ್ತದ. ಜೂನ್-ಜುಲೈನಾಗ ಹೋದ್ರ ಥರ್ಮಾಸು, ಕಂಬಳಿ ಎರಡೂ ಒಯ್ರಿ, ಆ ಕಟ್ಟಿಗಿ ಸ್ಟ್ಯಾಂಡಿನಾಗ ಗಾಳಿ ಭಾಳ ಬೀಸ್ತದ.